ಹಾರನ್ ಹೊಡೆಯದ ಬಸ್ಸು

ಬಸ್ಸಿನ ವಿಷಯದಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನಿಗಿನ್ನೂ ಹಾಲುಹಲ್ಲು ಬಿದ್ದಿಲ್ಲ. ನಮ್ಮೂರಿನ ಬಸ್ ಸ್ಟ್ಯಾಂಡಿನ ಎದುರು ಟಿಕೆಟ್ ಬುಕಿಂಗ್ ಕೌಂಟರಿನಲ್ಲಿ ಕೂತು ಕೂತು ನನ್ನ ತಲೆಗೂದಲು ಅರ್ಧ ಉದುರಿದೆ, ಉಳಿದರ್ಧ ನನ್ನ ಮೇಲಿನ ಗೌರವದಿಂದ ಅಂಟಿಕೊಂಡಿದೆ. ನಾನು ಹಾಕಿಕೊಟ್ಟ ಸೀಟು ಯಾವತ್ತೂ ಚಕ್ರದ ಮೇಲೆ ಬಂದಿಲ್ಲ. ಬಸುರಿಗೆ ಹಿಂದಿನ ಸಾಲು ಬಂದಿಲ್ಲ, ವಾಂತಿ ಮಾಡುವವನಿಗೆ ಕಿಟಕಿ ತಪ್ಪಿಲ್ಲ. ಒಂದು ಸಲ ಜ್ವರ ಬಂದು ಕೌಂಟರ್ ಮುಚ್ಚಿದ್ದಕ್ಕೆ ಸುತ್ತಲ ಊರುಗಳ ಅರ್ಧ ಮದುವೆಗಳೇ ಮುಂದಕ್ಕೆ ಹೋದವು.

ಇಂಥ ನನಗೆ ದೇವರು ಒಬ್ಬ ಷಡ್ಡಕನನ್ನು ಕೊಟ್ಟ.

ನನ್ನ ಹೆಂಡತಿಯ ತಂಗಿಯ ಗಂಡ. ಹಲ್ಲಿನ ಡಾಕ್ಟರು. ಎತ್ತರ ಎಷ್ಟೆಂದರೆ ನಮ್ಮ ಮನೆಗೆ ಬಂದಾಗಲೆಲ್ಲ ಬಾಗಿಲೇ ಅವನಿಗೆ ತಲೆ ಬಾಗಿಸಬೇಕು. ಕೂದಲು ಎಷ್ಟು ದಟ್ಟ ಎಂದರೆ ಅದರೊಳಗೆ ಬಾಚಣಿಗೆ ಕಳೆದುಹೋದರೆ ಹುಡುಕಲು ಇಬ್ಬರು ಬೇಕು. ದನಿಯೋ, ಬೆಣ್ಣೆಗೆ ಜ್ವರ ಬಂದ ಹಾಗೆ ಮೆತ್ತಗೆ. ಅವನು 'ಬಾಯಿ ತೆಗೀರಿ' ಎಂದರೆ ಹಲ್ಲುನೋವಿಲ್ಲದವರೂ ತೆಗೆಯುತ್ತಾರೆ. ನನ್ನ ಹೆಂಡತಿಯ ದವಡೆಹಲ್ಲು ಕಿತ್ತವನೂ ಅವನೇ. "ಡಾಕ್ಟ್ರು ಕಿತ್ತಿದ್ದೇ ಗೊತ್ತಾಗ್ಲಿಲ್ಲ ನೋಡಿ," ಎಂದು ಅವಳು ಹಾಲಿನವನಿಗೂ ಹೇಳಿದಳು, ಪೇಪರಿನವನಿಗೂ ಹೇಳಿದಳು, ತಪ್ಪಾಗಿ ನಂಬರ್ ಒತ್ತಿ ಫೋನ್ ಮಾಡಿದ ಒಬ್ಬ ಅಪರಿಚಿತನಿಗೂ ಹೇಳಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಒಲೆ ಹತ್ತದಿದ್ದರೂ, ನಲ್ಲಿ ಸೋರಿದರೂ ಒಂದೇ ಮಾತು: "ಡಾಕ್ಟ್ರನ್ನ ಒಂದ್ಸಲ ಕೇಳಿ." ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನು ಖಂಡಿತ ಯಾವುದೋ ಮನೆಯ ಹಿರಿಯ ಅಳಿಯ.

ಇಬ್ಬರು ಅಕ್ಕತಂಗಿಯರಿಗೂ ಸೇರಿ ಒಬ್ಬನೇ ತಮ್ಮ. ಅವನಿರುವುದು ದೂರದ ದೇಶದಲ್ಲಿ. ಅವನಿಗೆ ಮಗು ಹುಟ್ಟಿತು, ನಾವು ನಾಲ್ವರೂ ನೋಡಲು ಹೋಗುವುದೆಂದು ಆಯಿತು. ವಿಮಾನ ಇಳಿಯುವುದು ಒಂದು ಮಹಾನಗರದಲ್ಲಿ, ಅವನ ಊರು ಅಲ್ಲಿಂದ ಹಗಲೆಲ್ಲ ಬಸ್ಸಿನಲ್ಲಿ ಹೋಗುವಷ್ಟು ದೂರ. "ಬಾಣಂತೀನ ಬಿಟ್ಟು ನಾನು ಕರ್ಕೊಂಡು ಹೋಗೋಕೆ ಬರೋಕಾಗಲ್ಲ, ನೀವೇ ಬಸ್ ಹಿಡ್ಕೊಂಡು ಬಂದ್ಬಿಡಿ," ಎಂದ ಭಾಮೈದ.

ವಿಮಾನದ ಟಿಕೆಟ್ಟನ್ನು ಡಾಕ್ಟರು ಮಾಡಿಸಿದ್ದ. ಅದು ಆಕಾಶದ ಬಾಬತ್ತು, ಹೋಗಲಿ ಎಂದು ಸುಮ್ಮನಿದ್ದೆ. ಆದರೆ ಅವನ ಮನೆಯ ಊಟದ ಮೇಜಿನ ಸುತ್ತ ಕೂತಿದ್ದಾಗ ನನ್ನ ಹೆಂಡತಿ, "ಬಸ್ಸಿಂದೂ ನೀವೇ ನೋಡಿಬಿಡಿ ಡಾಕ್ಟ್ರೇ," ಎಂದಳು. ನನ್ನ ಎದುರಿಗೇ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ.

ಹೊಟ್ಟೆಯೊಳಗೆ ಹತ್ತಿದ ಕಿಚ್ಚಿಗೆ ಬಾಯಲ್ಲಿದ್ದ ಅನ್ನ ಇನ್ನೊಂದು ಸಲ ಬೆಂದಿತು. "ಮೀನಿಗೆ ಈಜು ಕಲ್ಸೋಕೆ ಆಮೆ ಕರೀತಿದೀಯಲ್ಲೇ," ಎಂದೆ.

"ಅದು ನಿಮ್ಮ ಕೌಂಟರ್ ಅಲ್ಲ ರೀ. ಗುರುತಿಲ್ಲದ ದೇಶ."

"ಯಾವ ದೇಶದಲ್ಲಾದ್ರೂ ಚಕ್ರ ಗುಂಡಗೇ ಇರುತ್ತೆ."

"ಅಕ್ಕ, ಬಸ್ಸಿನ ವಿಷಯದಲ್ಲಿ ಅಣ್ಣನ ಮುಂದೆ ನಾನೇನು? ಅವರೇ ಮಾಡ್ಲಿ," ಎಂದ ಡಾಕ್ಟರು. ಅದೇ ಮೆತ್ತಗಿನ ದನಿ. ಗೆಲ್ಲುವ ಆಟವನ್ನು ಬಿಟ್ಟುಕೊಡುವುದರಲ್ಲೂ ಅವನಿಗೆ ನನಗಿಂತ ಹೆಚ್ಚು ಅಂಕ.

ಹೆಂಡತಿ ನನ್ನನ್ನು ಅಳೆದು ಸುರಿದು ನೋಡಿದಳು. "ಸರಿ, ನೀವೇ ಮಾಡಿ. ಆದ್ರೆ ಒಂದು ಚೂರು ಎಡವಟ್ಟಾದ್ರೂ, ಇನ್ನು ಮುಂದೆ ನಮ್ಮನೆ ಪ್ರಯಾಣ ಎಲ್ಲಾ ಡಾಕ್ಟ್ರದ್ದೇ. ಆಮೇಲೆ ಮುಖ ಊದಿಸ್ಕೊಂಡು ಕೂರಬಾರ್ದು."

ನೀವೇ ಯೋಚಿಸಿ. ಬುಕಿಂಗ್ ಕೌಂಟರಿನವನ ಹೆಂಡತಿ ಬಸ್ ಟಿಕೆಟ್ಟಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದೆಂದರೆ, ಕುಂಬಾರನ ಹೆಂಡತಿ ಮಡಕೆಗೆ ದರ್ಜಿಯ ಅಂಗಡಿಗೆ ಹೋದ ಹಾಗೆ. ಊರಿನವರು ನಗುವುದಿರಲಿ, ನನ್ನ ಕೌಂಟರಿನ ಕುರ್ಚಿಯೇ ನಗುತ್ತಿತ್ತು.

ಹಾಗಾಗಿ ಆ ಬಸ್ಸನ್ನು ನಾನು ಗೊತ್ತು ಮಾಡಿದ ರೀತಿ ಇದೆಯಲ್ಲ, ಸೇನಾಪತಿಗಳು ಯುದ್ಧವನ್ನೂ ಹಾಗೆ ಹೂಡಿರಲಾರರು. ವಿಮಾನ ಇಳಿದ ಕೂಡಲೇ ಹೊರಡುವ ಬಸ್ಸಿತ್ತು, ಅದನ್ನು ಬಿಟ್ಟೆ. ಪಾಸ್‌ಪೋರ್ಟಿನ ಸಾಲು, ಪೆಟ್ಟಿಗೆಗಳು ಸುತ್ತಿ ಬರುವ ಬೆಲ್ಟು, ಹೆಂಗಸರ ಮುಖ ತೊಳೆಯುವಿಕೆ, ಎಲ್ಲಕ್ಕೂ ಹೊತ್ತು ಬಿಟ್ಟು ಅದರ ನಂತರದ್ದನ್ನು ಹಿಡಿದೆ. ಆ ಮಹಾನಗರದಲ್ಲಿ ಬಸ್ ನಿಲ್ದಾಣ ಎರಡು, ಊರೊಳಗೊಂದು, ವಿಮಾನ ನಿಲ್ದಾಣದ ಬುಡದಲ್ಲೊಂದು, ಬುಡದ್ದನ್ನೇ ಆರಿಸಿದೆ. ಬಸ್ ಕಂಪನಿಗೆ ಫೋನೂ ಮಾಡಿದೆ. ಮೊದಲು ಒಂದು ಯಂತ್ರ ಮಾತಾಡಿತು, ಒಂದು ಒತ್ತಿ, ಎರಡು ಒತ್ತಿ ಎಂದಿತು. ನಾನು ಒತ್ತಿದ ರಭಸಕ್ಕೆ ಹೆದರಿ ಅದು ಒಬ್ಬ ಹೆಂಗಸನ್ನು ಕಳಿಸಿತು. ನನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ, "ನಿಮ್ಮ ಬಸ್ಸಿಗೆ ಹಿಂದಿನ ಚಕ್ರ ಯಾವ ಸೀಟಿನ ಕೆಳಗೆ ಬರುತ್ತೆ?" ಎಂದು ಕೇಳಿದೆ. ಆಕೆ ಅದನ್ನು ಮೂರು ಸಲ ಹೇಳಿಸಿದಳು. ಅಂಥ ಪ್ರಶ್ನೆಯನ್ನು ಆ ದೇಶ ಹುಟ್ಟಿದ ಮೇಲೆ ಯಾರೂ ಕೇಳಿರಲಿಲ್ಲ.

ವಿಮಾನ ಇಳಿದ ಮೇಲೆ ನನ್ನದೇ ದರ್ಬಾರು. ಬಾಣದ ಗುರುತು ಕಂಡಲ್ಲೆಲ್ಲ ಕೈ ಎತ್ತಿ ತೋರಿಸುತ್ತ ಮುಂದೆ ನಡೆದೆ. ಹಿಂದೆ ಅಕ್ಕತಂಗಿಯರು, ಅವರ ಹಿಂದೆ ಡಾಕ್ಟರು. ಅವನ ಪೆಟ್ಟಿಗೆ ಬೆರಳು ಮುಟ್ಟಿಸಿದರೆ ಸಾಕು, ಸಾಕಿದ ಕರುವಿನ ಹಾಗೆ ಸದ್ದಿಲ್ಲದೆ ಹಿಂಬಾಲಿಸುತ್ತಿತ್ತು. ನನ್ನದರ ಒಂದು ಚಕ್ರ ಹಠ ಹಿಡಿದು ಎಡಕ್ಕೇ ಹೋಗುತ್ತಿತ್ತು. ದಾರಿಯಲ್ಲಿ ಅವನು ಒಂದು ಅಂಗಡಿಯ ಮುಂದೆ ನಿಂತು ಫೋನಿಗೆ ಆ ದೇಶದ ಸಿಮ್ ಹಾಕಿಸಿಕೊಂಡ, ತನಗೊಂದು, ಹೆಂಡತಿಗೊಂದು.

"ಅಣ್ಣ, ನಿಮಗೂ ಅಕ್ಕಂಗೂ?"

"ಬಸ್ಸಲ್ಲಿ ಕೂರೋಕೆ ಫೋನ್ ಯಾಕೆ ಡಾಕ್ಟ್ರೇ? ನನ್ನ ಜೊತೆ ಬಂದೋರು ಇಲ್ಲೀವರೆಗೂ ಯಾರೂ ಕಳೆದುಹೋಗಿಲ್ಲ."

ಗಾಜಿನ ಬಾಗಿಲು ದಾಟಿದರೆ ಬಸ್ಸು. ನಾನು ಹೇಳಿದ ಜಾಗದಲ್ಲಿ, ನಾನು ಹೇಳಿದ ಬಣ್ಣದಲ್ಲಿ, ನನಗೆ ಸಲಾಮು ಹೊಡೆಯುವ ಹಾಗೆ ನಿಂತಿತ್ತು. ಡ್ರೈವರು ಒಬ್ಬ ಹೆಂಗಸು. ನನ್ನ ಟಿಕೆಟ್ಟಿನ ಮೇಲೆ ಕೈಯಂತ್ರ ಹಿಡಿದಳು, ಅದು ಸಂತೋಷದಿಂದ ಕುಂಯ್ ಎಂದಿತು.

"ಪರವಾಗಿಲ್ವೇ," ಎಂದಳು ನನ್ನ ಹೆಂಡತಿ. ಅವಳ ಬಾಯಲ್ಲಿ 'ಪರವಾಗಿಲ್ಲ' ಬಂತೆಂದರೆ ಬೇರೆಯವರ ಹೆಂಡಿರು ಆರತಿ ಎತ್ತಿದ ಹಾಗೆ. ಡಾಕ್ಟರಿಗೆ ಕೇಳಿಸಿತೋ ಇಲ್ಲವೋ ಎಂದು ತಿರುಗಿ ನೋಡಿದೆ. ಕೇಳಿಸಿತ್ತು. ಅವನೂ ನಗುತ್ತಿದ್ದ, ಪಾಪಿ.

ಬಸ್ಸು ಹತ್ತಿದ ಮೇಲೆ ನಾನು ಮಾಡಿದ್ದು ನನಗೇ ಗೊತ್ತಾಯಿತು. ನಮ್ಮ ಕೌಂಟರಿನಲ್ಲಿ ಹೆಂಗಸರ ಪಕ್ಕ ಹೆಂಗಸರು, ಗಂಡಸರ ಪಕ್ಕ ಗಂಡಸರು. ಅದು ಕಣ್ಣುಮುಚ್ಚಿಕೊಂಡರೂ ಬೆರಳು ಮಾಡುವ ಕೆಲಸ. ಆ ಬೆರಳುಗಳೇ ಫೋನಿನಲ್ಲೂ ಸೀಟು ಒತ್ತಿದ್ದವು. ಅಕ್ಕತಂಗಿಯರು ಮುಂದಿನ ಜೋಡಿ ಸೀಟಿಗೆ, ನಾನೂ ಡಾಕ್ಟರೂ ಹಿಂದಿನದಕ್ಕೆ. ಹಗಲೆಲ್ಲ ಆ ಕೂದಲಿನ ಪಕ್ಕದಲ್ಲಿ ನನ್ನ ಬೋಳುತಲೆ.

"ಪುಟ್ಟೀ, ನಿನ್ನ ಗಂಡನ ಜೊತೆ ಕೂತ್ಕೋತೀಯೇನಮ್ಮಾ?" ಎಂದೆ ನಾದಿನಿಗೆ.

"ಬಿಡಿ ಭಾವ, ಮನೇಲಿ ದಿನಾ ನೋಡೋ ಮುಖ. ನೀವೇ ಅಲ್ವಾ ಹೀಗೆ ಬುಕ್ ಮಾಡಿರೋದು?"

"ಒಳ್ಳೇದೇ ಆಯ್ತು," ಎಂದಳು ಹೆಂಡತಿ. ಇಬ್ಬರೂ ತಲೆಗೆ ತಲೆ ಸೇರಿಸಿ ಶುರು ಹಚ್ಚಿಕೊಂಡರು. ಅವರ ಮಾತಿನ ಬಿಸಿಗೆ ಬಸ್ಸಿನ ಗಾಜು ಮಂಜಾಯಿತು.

ಡಾಕ್ಟರು ನಿದ್ದೆ ಹೋದ. ನಿದ್ದೆಯಲ್ಲೂ ಬಾಯಿ ಮುಚ್ಚಿಕೊಂಡಿರುತ್ತಾನೆ. ಗೊರಕೆಯಿಲ್ಲ, ಜೊಲ್ಲಿಲ್ಲ, ತಲೆ ನನ್ನ ಹೆಗಲಿಗೆ ವಾಲಲಿಲ್ಲ. ಬೈಯಲು ಒಂದು ನೆಪ ಕೊಡಲಿಲ್ಲ. ಇಂಥವನ ಜೊತೆ ಮನುಷ್ಯ ಹೇಗೆ ಬಾಳಬೇಕು? ಹೊರಗೆ ಹೊಲ, ಗೋದಾಮು, ಮತ್ತೆ ಹೊಲ. ನಾನು ಅದೊಂದನ್ನೂ ನೋಡದೆ ಅವನ ಕೂದಲನ್ನೇ ನೋಡುತ್ತಾ ಹೋದೆ.

ಅರ್ಧ ದಾರಿಯಲ್ಲಿ ಬಸ್ಸು ಹೆದ್ದಾರಿ ಬದಿಯ ಒಂದು ತಂಗುದಾಣದಲ್ಲಿ ನಿಂತಿತು. ಪೆಟ್ರೋಲ್ ಬಂಕು, ಅಂಗಡಿ, ಶೌಚಾಲಯ, ಕಾಫಿ. ಡ್ರೈವರಮ್ಮ ಮೈಕಿನಲ್ಲಿ ಏನೋ ಹೇಳಿ ಕೆಳಗಿಳಿದಳು. ನಾದಿನಿ ಆಗ ಬಾಯಿ ತೆರೆದು ಮಲಗಿದ್ದಳು. ಫೋನಿನಲ್ಲಿ ಪಾಠ ಕೇಳಿ ಕಲಿತ ಅವಳೊಬ್ಬಳಿಗೇ ಆ ದೇಶದ ಭಾಷೆ ಒಂದಿಷ್ಟು ತಿಳಿಯುತ್ತಿದ್ದದ್ದು.

"ಅಣ್ಣ, ಎಷ್ಟು ಹೊತ್ತು ನಿಲ್ಲುತ್ತಂತೆ?" ಎಂದು ಎಚ್ಚರಗೊಂಡ ಡಾಕ್ಟರು ಕೇಳಿದ.

ನನಗೆ ಒಂದಕ್ಷರ ಗೊತ್ತಾಗಿರಲಿಲ್ಲ. ಹಾಗೆಂದು ಹೇಳಲಾದೀತೇ? "ಆರಾಮಾಗಿ ಹೋಗಿ ಬನ್ನಿ. ನಮ್ಮ ಸೀಟು ಖಾಲಿ ಇರೋವಾಗ ಗಾಡಿ ಹೇಗೆ ಹೊರಡುತ್ತೆ? ಹಾರನ್ ಹೊಡೀತಾರೆ, ತಲೆ ಎಣಿಸ್ತಾರೆ, ಆಮೇಲೇ ರೈಟ್ ಅನ್ನೋದು."

"ಹಾಗಾದ್ರೆ ಅಕ್ಕ, ಕಾಫಿ ಕುಡ್ಕೊಂಡು ಬರೋಣ್ವಾ?"

ಅವನು ಕೇಳಿದ್ದು ನನ್ನ ಹೆಂಡತಿಯನ್ನು. ಅವಳು ಕುಣಿದುಕೊಂಡು ಎದ್ದಳು. ಬ್ಯಾಗನ್ನೂ ಸೀಟಿನ ಮೇಲೇ ಬಿಟ್ಟಳು. ನಾನು ಕರೆದಾಗಲೆಲ್ಲ ಮಂಡಿನೋವು, ಅವನು ಕರೆದಾಗ ಮಂಡಿಯೇ ಇಲ್ಲ. "ನೀವು ಬರಲ್ವಾ?" ಎಂದಳು. ಹಿಂದೆಯೇ ಹೋದರೆ ಕಾವಲಿಗೆ ಬಂದ ಎಂದುಕೊಂಡಾರು ಎಂಬ ಬಿಗುಮಾನ ನನಗೆ. "ನಿಧಾನಕ್ಕೆ ಕುಡೀರಿ," ಎಂದು ಕಣ್ಣು ಮುಚ್ಚಿ ಕೂತೆ. ಮುಚ್ಚಿದ ಕಣ್ಣೊಳಗೆ ಅವರಿಬ್ಬರೂ ಎದುರುಬದುರು ಕೂತು ಕಾಫಿ ಊದಿ ಊದಿ ಕುಡಿಯುತ್ತಿದ್ದರು.

ಬಸ್ಸು ಸರಿದದ್ದು ಹಾಲು ಕದ್ದ ಬೆಕ್ಕಿನ ಹಾಗೆ. ಹಾರನ್ನಿಲ್ಲ, ರೈಟ್ ಇಲ್ಲ, ಬಾಗಿಲಿನ ಸದ್ದೂ ಇಲ್ಲ. ನಾದಿನಿ ತಟ್ಟನೆ ಎಚ್ಚರಗೊಂಡು ಪಕ್ಕದ ಸೀಟು ನೋಡಿದಳು, ನಮ್ಮ ಸೀಟು ನೋಡಿದಳು.

"ಭಾವ, ಅಕ್ಕ ಎಲ್ಲಿ? ಇವ್ರೆಲ್ಲಿ?"

"ಕಾಫಿ ಕುಡೀತಿದಾರೆ. ಗಾಬರಿ ಬೇಡ, ಡೀಸೆಲ್ ಹಾಕಿಸೋಕೆ ಹೊರಟಿದೆ ಅಷ್ಟೇ. ಬಂಕ್ ಕಡೆ ಒಂದು ಸುತ್ತು ಹಾಕಿ ವಾಪಸ್ ಅಲ್ಲೇ ನಿಲ್ಲುತ್ತೆ. ನಂಗೊತ್ತಿಲ್ವಾ?"

ಬಸ್ಸು ಬಂಕನ್ನು ದಾಟಿತು. ಹೆದ್ದಾರಿ ಹತ್ತಿತು.

"ಡೀಸೆಲ್ ಯಾವೂರಲ್ಲಿ ಹಾಕಿಸ್ತಾರೆ ಭಾವ?" ಎಂದಳು ನಾದಿನಿ.

ನಾನು ಎದ್ದು ಹೋದ ವೇಗಕ್ಕೆ ಎರಡು ಸಾಲಿನ ಪರದೆ ಹಾರಿದವು. ಡ್ರೈವರಮ್ಮನ ಹಿಂದಿನ ತಗಡನ್ನು ಧಬಧಬನೆ ಬಡಿದು "ಹೋಲ್ಡಾನ್, ಹೋಲ್ಡಾನ್" ಎಂದೆ. ನಮ್ಮ ಕಡೆ ಈ ಬಡಿತಕ್ಕೆ ರೈಲೂ ನಿಂತೀತು. ಆಕೆ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ಮೈಕಿನಲ್ಲೇ, ಇಡೀ ಬಸ್ಸಿಗೆ ಕೇಳುವಂತೆ ಏನೋ ಹೇಳಿದಳು.

"ಏನಂತೆ?"

"ಮೊದ್ಲು ಕೂತ್ಕೊಳ್ಳಿ ಅಂತೆ," ಎಂದಳು ನಾದಿನಿ, ಹಿಂದೆಯೇ ಬಂದವಳು. ಅವಳೇ ಬಗ್ಗಿ ನಿಂತು ಮಾತಾಡಿ ವಿಷಯ ತಿಳಿದಳು. ಹೊರಡುವ ಹೊತ್ತನ್ನು ಮೈಕಿನಲ್ಲಿ ಹೇಳಿದ್ದಾಗಿತ್ತು. ಹೇಳಿದ ಮೇಲೆ ಯಾರಿಗೂ ಕಾಯುವುದಿಲ್ಲ, ತಲೆ ಎಣಿಸುವುದಿಲ್ಲ. ಹೆದ್ದಾರಿಯಲ್ಲಿ ನಿಲ್ಲಿಸುವ ಹಾಗಿಲ್ಲ. ಹಿಂದೆ ಬರುತ್ತಿರುವ ಅದೇ ಕಂಪನಿಯ ಇನ್ನೊಂದು ಬಸ್ಸು ಅವರಿಬ್ಬರನ್ನು ಹತ್ತಿಸಿಕೊಳ್ಳುತ್ತದೆ. ಬೇಕಿದ್ದರೆ ನಾವು ಮುಂದಿನ ಊರಿನಲ್ಲಿ ಇಳಿದು ಅದಕ್ಕೇ ಕಾಯಬಹುದು.

ಇಳಿದೆವು. ನಾಲ್ಕು ಜನರ ಸಾಮಾನು, ಇಳಿಸಲು ಇಬ್ಬರು. ಒಂದು ಬೆಂಚು, ಮೇಲೊಂದು ಗಾಜಿನ ಚಾವಣಿ, ಪಕ್ಕದಲ್ಲಿ ಬಿಸ್ಕತ್ತು ಉದುರಿಸುವ ಒಂದು ಯಂತ್ರ. ಅಷ್ಟೇ ಆ ನಿಲ್ದಾಣ. ಡಾಕ್ಟರ ಪೆಟ್ಟಿಗೆಯನ್ನು ಬೇಕೆಂದೇ ಬಿಸಿಲಿಗೆ ನಿಲ್ಲಿಸಿದೆ. ಅದು ಅಲ್ಲೂ ಮಿರಮಿರನೆ ಮಿಂಚತೊಡಗಿತು, ಎಳೆದು ನೆರಳಿಗೆ ತಂದೆ.

ನಾದಿನಿ ಗಂಡನಿಗೆ ಫೋನ್ ಮಾಡಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಅಣ್ಣ, ಏನೂ ಯೋಚನೆ ಮಾಡ್ಬೇಡಿ," ಎಂದಿತು ಬೆಣ್ಣೆದನಿ. "ಹಿಂದಿನ ಬಸ್ಸಲ್ಲಿ ಅಕ್ಕಂಗೂ ನಂಗೂ ಸೀಟ್ ಸಿಕ್ತು. ಒಟ್ಟಿಗೇ ಇದೆ. ಅಕ್ಕನ್ನ ನಾನು ನೋಡ್ಕೋತೀನಿ."

ಒಂದು ಬೈಗುಳವಿಲ್ಲ, 'ಹಾರನ್ ಹೊಡೀತಾರೆ ಅಂದ್ರಲ್ಲ' ಎಂಬ ಒಂದು ಕೊಂಕಿಲ್ಲ. ಬೈಯದೆ ಇರುವುದೂ ಮೆರೆಯುವುದರಲ್ಲೇ ಒಂದು ಬಗೆ, ನನ್ನನ್ನು ಕೇಳಿದರೆ.

"ಅವಳಿಗೆ ಕೊಡಿ ಸ್ವಲ್ಪ," ಎಂದೆ. ಅಷ್ಟರಲ್ಲಿ ಹಿಂದಿನಿಂದ ನನ್ನ ಹೆಂಡತಿಯ ನಗು ಕೇಳಿಸಿತು.

ಅದು ಸುಮ್ಮನೆ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬಂದು, ಉಸಿರು ಸಿಗದೆ ನಿಂತು ಮತ್ತೆ ಶುರುವಾಗುವ ನಗು. ನಮ್ಮ ಮದುವೆಯಾದ ಮೇಲೆ ಆ ನಗುವನ್ನು ನಾನು ಬೆರಳೆಣಿಕೆಯಷ್ಟು ಸಲ ಕೇಳಿದ್ದೇನೆ. "ಅಕ್ಕ ಈಗ ಮಾತಾಡೋ ಸ್ಥಿತೀಲಿಲ್ಲ ಅಣ್ಣ," ಎಂದ ಡಾಕ್ಟರು, ತಾನೂ ನಗುತ್ತ. ಫೋನು ಕಡಿದುಹೋಯಿತು.

"ಏನ್ ಹೇಳಿದ ಅವನು ನಗೋ ಅಂಥದ್ದು?" ಎಂದೆ.

"ಯಾರಿಗ್ಗೊತ್ತು." ನಾದಿನಿ ಯಂತ್ರಕ್ಕೆ ನಾಣ್ಯ ಹಾಕಿ ಬಿಸ್ಕತ್ತು ಉದುರಿಸಿಕೊಂಡಳು. "ತಗೊಳ್ಳಿ."

"ನಿಂಗೆ ಏನೂ ಅನ್ನಿಸ್ತಿಲ್ವಾ?"

"ಏನನ್ನಿಸ್ಬೇಕು?"

"ನಿನ್ನ ಗಂಡ... ಅಲ್ಲಿ... ಕೂತು ನಗಿಸ್ತಾ ಇದಾನಲ್ಲ."

ನಾದಿನಿ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಇಡೀ ಮುಖದಲ್ಲಿ ತುಂಟತನ ಹರಡಿತು. "ಓಹೋ. ಭಾವಂಗೆ ಹೊಟ್ಟೆ ಉರೀತಿದೆ."

"ನಂಗ್ಯಾಕೆ ಉರೀಬೇಕು? ಎಸಿಡಿಟಿ."

"ಮುಖ ನೋಡಿದ್ರೆ ಹಾಗಿಲ್ಲ. ಅಲ್ಲ ಭಾವ, ನಮ್ಮನೆಯವರು ಬಾಯಿ ಬಿಟ್ರೆ ಹಲ್ಲಿನ ವಿಷಯ ಬಿಟ್ಟು ಬೇರೆ ಮಾತಿಲ್ಲ. ಹನಿಮೂನಲ್ಲಿ ನಂಗೆ ಹಲ್ಲುಜ್ಜೋದು ಹೇಗೆ ಅಂತ ತೋರಿಸಿದ್ರು. ನಿಮ್ಮ ಥರ ಒಬ್ರು ಮನೇಲಿದ್ರೆ ಟೀವಿನೇ ಬೇಡ ಅಂತ ನಾನು ಅಕ್ಕಂಗೆ ದಿನಾ ಹೇಳ್ತೀನಿ."

"ಅದಕ್ಕೆ ಅವಳೇನಂತಾಳೆ?"

"ಟೀವಿ ಆದ್ರೆ ಆಫ್ ಮಾಡಬಹುದು ಅಂತಾಳೆ."

ನಾನು ಬೆಂಚಿನ ಆ ತುದಿಗೆ ಸರಿದು ಕೂತೆ. ನನ್ನ ಮುನಿಸಿನ ಭಾರಕ್ಕೆ ಬೆಂಚು ಆ ಕಡೆ ವಾಲಿತು. ಬರುವ ಒಂದೊಂದು ಗಾಡಿಗೂ ಎದ್ದು ನಿಂತೆ. ಕಸದ ಲಾರಿಗೂ ಎದ್ದೆ. ಒಟ್ಟಿಗೇ ಇದೆ ಎಂದಿದ್ದನಲ್ಲ ಸೀಟು. ಲೋಕಕ್ಕೆಲ್ಲ ಜೋಡಿ ಸೀಟು ಹಾಕಿಕೊಟ್ಟ ನಾನು, ನನ್ನ ಹೆಂಡತಿಯನ್ನು ಒಬ್ಬ ದಟ್ಟ ಕೂದಲಿನವನ ಪಕ್ಕ ಕೂರಿಸಿ, ಅವನ ಪೆಟ್ಟಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆ. ಪ್ರಯಾಣ ಯಾರದ್ದು, ಬುಕಿಂಗ್ ಯಾರದ್ದು ಎಂಬುದೆಲ್ಲ ಆಗ ತಲೆಯಲ್ಲೇ ಇರಲಿಲ್ಲ. ಆ ನಗು ಮಾತ್ರ ಕಿವಿಯೊಳಗೆ ಸೇರಿಕೊಂಡ ಜೀರುಂಡೆಯಂತೆ ಕೊರೆಯುತ್ತಿತ್ತು.

ಕೊನೆಗೂ ಬಸ್ಸು ಬಂತು. ಇದಕ್ಕೆ ಗಡ್ಡದ ಡ್ರೈವರು. ಸಾಮಾನು ಹೊಟ್ಟೆಗೆ ತುರುಕಿ ಹತ್ತಿದೆ. ನಡುವಿನ ಸಾಲಿನಲ್ಲಿ ಕಿಟಕಿಗೆ ನನ್ನ ಹೆಂಡತಿ, ಪಕ್ಕದಲ್ಲಿ ಡಾಕ್ಟರು. ಅವನ ಕಾಲಲ್ಲಿ ಗುಲಾಬಿ ಬಣ್ಣದ ರಬ್ಬರ್ ಚಪ್ಪಲಿ. ಯಾಕೆಂದು ಕೇಳುವ ವ್ಯವಧಾನ ನನಗಿರಲಿಲ್ಲ.

"ಡಾಕ್ಟ್ರೇ, ಸ್ವಲ್ಪ ಏಳಿ."

ಅವನು ಕೂಡಲೇ ಎದ್ದ. "ಬನ್ನಿ ಅಣ್ಣ, ಬನ್ನಿ, ಕೂತ್ಕೊಳ್ಳಿ," ಎಂದು ಹಿಂದಿನ ಸಾಲಿಗೆ, ತನ್ನ ಹೆಂಡತಿಯ ಪಕ್ಕಕ್ಕೆ ಹೋದ. ಅವನು ಬಿಟ್ಟ ಜಾಗಕ್ಕೆ ಇನ್ನೇನು ಕೂರಬೇಕು, ನನ್ನ ಹೆಂಡತಿ, ನಾದಿನಿ ಆಗಷ್ಟೇ ತಂದುಕೊಟ್ಟಿದ್ದ ತನ್ನ ಬ್ಯಾಗನ್ನು ಅಲ್ಲಿಟ್ಟಳು. ಇಟ್ಟು, ಕಿಟಕಿಯ ಹೊರಗೆ ನೋಡತೊಡಗಿದಳು.

"ಬ್ಯಾಗ್ ತೆಗಿ."

"ಹಾರನ್ ಹೊಡೀತಾರೆ ಅಂದ್ರಿ."

"ಈ ದೇಶದ ಹಾರನ್ನೇ ಕೆಟ್ಟಿದೆ ಕಣೇ."

"ಗುರುತಿಲ್ಲದ ಊರಲ್ಲಿ, ಕೈಯಲ್ಲಿ ಫೋನಿಲ್ಲದೆ, ಬಸ್ಸಿನ ಬೆನ್ನು ನೋಡ್ತಾ ನಿಂತ್ಕೊಂಡು ನೋಡಿ ಒಂದ್ಸಲ, ಗೊತ್ತಾಗುತ್ತೆ. ಡಾಕ್ಟ್ರು ಇದ್ದಿದ್ದಕ್ಕೆ ಸರಿಹೋಯ್ತು."

"ಸರಿ," ಎಂದೆ. "ವಾಪಸ್ ಬರೋದು, ಮುಂದೆ ಹೋಗೋದು, ಎಲ್ಲಾ ಡಾಕ್ಟ್ರೇ ನೋಡ್ಕೊಳ್ಳಲಿ. ನನ್ನ ತಕರಾರಿಲ್ಲ. ಇಲ್ಲಿ ಮಾತ್ರ ನಾನೇ ಕೂರ್ತೀನಿ."

ಅವಳು ತಿರುಗಿ ನನ್ನನ್ನು ನೋಡಿದಳು, ಇದು ಯಾರು ಎನ್ನುವ ಹಾಗೆ. ಬ್ಯಾಗು ಅಲ್ಲೇ ಇತ್ತು. ಅಷ್ಟರಲ್ಲಿ ಗಡ್ಡದ ಡ್ರೈವರು ಮೈಕಿನಲ್ಲಿ ಗುಡುಗಿದ. ಹಿಂದಿನಿಂದ ನಾದಿನಿ, "ಒಬ್ರು ನಿಂತಿದ್ರೂ ಬಸ್ ಬಿಡಲ್ಲ ಅಂತೆ ಅಕ್ಕ," ಎಂದಳು. ಇಡೀ ಬಸ್ಸು ತಿರುಗಿ ನೋಡಿತು. ಗಂಡಸರು, ಹೆಂಗಸರು, ಒಬ್ಬಳು ಮುದುಕಿ, ಬುಟ್ಟಿಯೊಳಗಿದ್ದ ಅವಳ ನಾಯಿ ಕೂಡ. ಯಾರಿಗೂ ಕಾಯದ ಆ ಕಂಪನಿಯ ಬಸ್ಸು, ಎಂಜಿನ್ ಗುರುಗುಟ್ಟಿಸುತ್ತ, ನನ್ನ ಹೆಂಡತಿ ಒಂದು ಬ್ಯಾಗ್ ಎತ್ತಲಿ ಎಂದು ಕಾದು ನಿಂತಿತು. ನನಗಾಗಿ ಹೀಗೊಂದು ದೇಶವೇ ನಿಂತದ್ದು ಅದೇ ಮೊದಲು.

ಅವಳು ಬ್ಯಾಗ್ ಎತ್ತಿದಳು. ನಾನು ಕೂತ ಮೇಲೆ ಅದನ್ನು ನನ್ನ ತೊಡೆಯ ಮೇಲೆ ಕುಕ್ಕಿದಳು. ಬಸ್ಸು ಸದ್ದಿಲ್ಲದೆ ಹೊರಟಿತು.

ಒಂದಷ್ಟು ದೂರ ಹೋದ ಮೇಲೆ ತಡೆಯಲಾಗದೆ ಕೇಳಿದೆ. "ಫೋನಲ್ಲಿ ಯಾಕೆ ಹಾಗೆ ನಗ್ತಿದ್ದೆ?"

"ಕೇಳಿಸ್ತಾ?" ಅವಳ ತುಟಿ ಆಗಲೇ ಅದುರತೊಡಗಿತ್ತು. "ಡಾಕ್ಟ್ರು ಎರಡೂ ಕೈಲಿ ಕಾಫಿ ಹಿಡ್ಕೊಂಡು ಬಸ್ ಹಿಂದೆ ಓಡಿದ್ರು. ಕೆಸರಲ್ಲಿ ಒಂದು ಬೂಟು ಸಿಕ್ಕಾಕೊಂಡು ಹೋಯ್ತು, ಅದಕ್ಕೇ ಅಂಗಡೀಲಿ ಸಿಕ್ಕ ಆ ಚಪ್ಪಲಿ. ಕಾಫಿ ಮಾತ್ರ ಚೆಲ್ಲಿಲ್ಲ."

"ಅದಕ್ಕೆ ಅಷ್ಟು ನಗುವಾ?"

"ಅದಕ್ಕಲ್ಲ. ನೀವಾಗಿದ್ರೆ ಓಡ್ತಾನೇ ಇರ್ಲಿಲ್ಲ ಅನ್ನಿಸ್ತು. ಸೊಂಟದ ಮೇಲೆ ಕೈ ಇಟ್ಕೊಂಡು, 'ಗಾಬರಿ ಬೇಡ, ಡೀಸೆಲ್ ಹಾಕಿಸೋಕೆ ಹೋಗಿದೆ, ಬರುತ್ತೆ' ಅಂತ ಸಂಜೆವರೆಗೂ ನಿಂತಿರ್ತಿದ್ರಿ. ಅದನ್ನ ಡಾಕ್ಟ್ರಿಗೆ ಹೇಳೋಕೆ ಹೋದೆ, ನಗು ತಡೀಲಿಲ್ಲ."

ಹಿಂದಿನ ಸೀಟಿನಿಂದ ನಾದಿನಿ ಕಿರುಚುವುದೊಂದು ಬಾಕಿ. "ಅಕ್ಕ, ಅದನ್ನೇ ಅಂದ್ರು ಕಣೇ. ಅಕ್ಷರ ಬಿಡದೆ ಅದನ್ನೇ."

ಅಕ್ಕತಂಗಿಯರು ಸೀಟಿನ ಸಂದಿಯಿಂದ ಒಬ್ಬರ ಕೈ ಒಬ್ಬರು ಹಿಡಿದು ನಕ್ಕರು. ನಾನು ಗಂಭೀರವಾಗಿ ಕೂತು ಲೆಕ್ಕ ಹಾಕಿದೆ. ಪಕ್ಕದಲ್ಲಿ ಅಂಥ ಕೂದಲಿನ ಡಾಕ್ಟರು, ಕೈಯಲ್ಲಿ ಅವನು ಕೊಡಿಸಿದ ಕಾಫಿ. ಆದರೂ ಅವಳು ಕಣ್ಣೀರು ಬರುವಷ್ಟು ನಕ್ಕದ್ದು ನನ್ನನ್ನು ನೆನೆಸಿಕೊಂಡು. ಜಟ್ಟಿ ಕೆಳಗೆ ಬಿದ್ದಿದ್ದರೂ ಮೀಸೆಗೆ ಮಣ್ಣು ಹತ್ತಿರಲಿಲ್ಲ. ತೊಡೆಯ ಮೇಲಿನ ಬ್ಯಾಗನ್ನು ಕಿರೀಟದ ಹಾಗೆ ಹಿಡಿದುಕೊಂಡೆ.

ಆಗ ಡಾಕ್ಟರು ಹಿಂದಿನಿಂದ ಮೆತ್ತಗೆ ಕೇಳಿದ, "ಅಣ್ಣ, ವಾಪಸ್ ಬರೋವಾಗ ಚಕ್ರದ ಮೇಲೆ ಬರದೇ ಇರೋ ಸೀಟು ಯಾವುದು ಅಂತ ಒಂಚೂರು ಹೇಳ್ತೀರಾ?"

ಹೇಳುವ ಮೊದಲು ಸ್ವಲ್ಪ ಬಗ್ಗಿ ಅವನ ಕಾಲು ನೋಡಿದೆ. ಆ ಗುಲಾಬಿ ಚಪ್ಪಲಿಯೂ ಅವನಿಗೆ ಒಪ್ಪುತ್ತಿತ್ತು.